ಸುಮ್ಮನೆ ಕೂತವರಿಗೂ ಸುಸ್ತಾಗುವುದು ಯಾಕೆ

ಮೈಮುರಿದು ದುಡಿದವರಿಗೆ ದಣಿವಾದರೆ ಯಾರೂ ಕಾರಣ ಕೇಳುವುದಿಲ್ಲ. ತೋಟಕ್ಕೆ ಮಣ್ಣು ಹೊತ್ತವರು, ದೋಣಿ ಎಳೆದವರು ಸಂಜೆ ಅಡ್ಡಾದರೆ ಮನೆಯವರೇ ಚಾಪೆ ಹಾಸಿಕೊಡುತ್ತಾರೆ. ಆದರೆ ಉಪನಯನದ ಮನೆಯಲ್ಲಿ ದಿನವಿಡೀ ಕುರ್ಚಿಯ ಮೇಲೆ ಕೂತು, ಹೊಟ್ಟೆ ತುಂಬ ಉಂಡು ಬಂದವರು ‘ತಲೆ ಎತ್ತೋಕೆ ಆಗ್ತಿಲ್ಲ, ನಾಳೆ ಯಾರೂ ಮಾತಾಡಿಸಬೇಡಿ’ ಅಂದರೆ, ‘ನೀ ಎಂತ ಮಾಡಿದ್ದೆ ಅಂತ ಸುಸ್ತು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಿಗಿಂತ ಹೆಚ್ಚಾಗಿ ಆ ಪ್ರಶ್ನೆಯನ್ನು ಸುಸ್ತಾದವರೇ ತಮಗೆ ತಾವು ಕೇಳಿಕೊಳ್ಳುತ್ತಿರುತ್ತಾರೆ. ಅದಕ್ಕೆ ಸರಿಯಾದ ಉತ್ತರವಿದೆ. ಆ ಉತ್ತರ ಗೊತ್ತಾದರೆ ಮಾಡಬಹುದಾದ ಕೆಲಸಗಳೂ ಇವೆ.

ಅಂತರ್ಮುಖಿಗಳ, ಅಂದರೆ ಮಾತು ಕಡಿಮೆ, ತಮ್ಮ ಪಾಡಿಗೆ ತಾವಿರುವ ಸ್ವಭಾವದವರ ಸುಸ್ತಿಗೆ ಜನರೇ ಕಾರಣ ಎಂಬ ನಂಬಿಕೆ ಬಹಳ ಹರಡಿದೆ. ನನ್ನ ಪ್ರಕಾರ ಅದು ಅರ್ಧ ಸತ್ಯ. ಎರಡು ತಾಸಿನ ಕಾರ್ಯಕ್ರಮದಿಂದ ಎರಡು ತಾಸಿನ ದಣಿವಷ್ಟೇ ಆಗುವುದಾಗಿದ್ದರೆ ಅದು ಒಂದು ನಿದ್ದೆಯಲ್ಲಿ ಇಳಿದುಹೋಗುತ್ತಿತ್ತು. ಆದರೆ ಹೊರಡುವ ಮೂರು ದಿನ ಮೊದಲೇ ‘ಯಾರ್ಯಾರು ಬರ್ತಾರೆ, ಏನು ಕೇಳ್ತಾರೆ, ಏನು ಹೇಳೋದು’ ಎಂಬ ತಾಲೀಮು ತಲೆಯೊಳಗೆ ಶುರುವಾಗಿರುತ್ತದೆ. ಅಲ್ಲಿದ್ದಷ್ಟು ಹೊತ್ತೂ ತನ್ನ ಮುಖ ಹೇಗಿದೆ, ದನಿ ಜೋರಾಯಿತಾ, ಎದುರಿನವರಿಗೆ ಬೇಜಾರಾಯಿತಾ ಎಂದು ಕಾವಲು ಕಾಯುವ ಕೆಲಸ. ಮನೆಗೆ ಬಂದಮೇಲೆ ‘ಆ ಮಾತು ಆಡಬಾರದಿತ್ತು’ ಎಂಬ ವಿಚಾರಣೆ ನಡುರಾತ್ರಿವರೆಗೆ. ದಣಿವಿನ ದೊಡ್ಡ ಪಾಲು ಹುಟ್ಟುವುದು ಈ ಕಾವಲಿನಲ್ಲಿ, ಮತ್ತು ಅದನ್ನು ಇಳಿಸಿಕೊಳ್ಳಲು ಜಾಗ ಸಿಗದಿರುವುದರಲ್ಲಿ. ಅದಕ್ಕೇ ಬಳಗವನ್ನೆಲ್ಲ ದೂರ ಮಾಡಿಕೊಂಡು ಒಬ್ಬರೇ ಇದ್ದರೂ ಎಷ್ಟೋ ಜನರ ಸುಸ್ತು ಹಾಗೇ ಉಳಿಯುತ್ತದೆ.

ಅಂತರ್ಮುಖಿ ಎಂಬ ವಿಂಗಡಣೆಯನ್ನು ಬಳಕೆಗೆ ತಂದದ್ದು ಸ್ವಿಸ್ ಮನಃಶಾಸ್ತ್ರಜ್ಞ ಕಾರ್ಲ್ ಯುಂಗ್, 1921ರಲ್ಲಿ. ಸೂಕ್ಷ್ಮ ಸ್ವಭಾವ ಅದರಿಂದ ಬೇರೆ. ಅಮೆರಿಕದ ಮನಃಶಾಸ್ತ್ರಜ್ಞೆ ಎಲೇನ್ ಆರನ್ ಮತ್ತು ಅವರ ಪತಿ ಆರ್ಥರ್ ಆರನ್ 1997ರಲ್ಲಿ 27 ಪ್ರಶ್ನೆಗಳ ಒಂದು ಅಳತೆಪಟ್ಟಿ ಪ್ರಕಟಿಸಿದರು. ಸದ್ದು, ಬೆಳಕು, ವಾಸನೆ, ಬೇರೆಯವರ ಮನಸ್ಥಿತಿ, ಹಸಿವು, ಒಂದೇ ಹೊತ್ತಿಗೆ ಬರುವ ಹಲವು ಕೆಲಸ ಇವೆಲ್ಲ ಒಬ್ಬರನ್ನು ಎಷ್ಟು ಆಳಕ್ಕೆ ತಟ್ಟುತ್ತವೆ ಎಂದು ಅದು ಅಳೆಯುತ್ತದೆ. ನೂರಕ್ಕೆ 15ರಿಂದ 20 ಜನ ಹೀಗಿರುತ್ತಾರೆ ಎಂಬುದು ಆರನ್ ಅವರ ಅಂದಾಜು. ಇದು ಕಾಯಿಲೆಯಲ್ಲ, ಯಾವ ರೋಗಪಟ್ಟಿಯಲ್ಲೂ ಇಲ್ಲ. ಇನ್ನೊಂದು ಮಾತು: ಅವರದೇ ಲೆಕ್ಕದಲ್ಲಿ, ಸೂಕ್ಷ್ಮ ಸ್ವಭಾವದವರಲ್ಲಿ ನೂರಕ್ಕೆ ಸುಮಾರು 30 ಜನ ಬಹಿರ್ಮುಖಿಗಳು, ಜನರ ಜೊತೆ ಬೆರೆಯುವ ಸ್ವಭಾವದವರು. ಊರಿನ ಎಲ್ಲ ಕಾರ್ಯಕ್ಕೂ ಮುಂದೆ ನಿಂತು ಓಡಾಡಿ, ಮನೆಗೆ ಬಂದು ತಲೆನೋವೆಂದು ಕತ್ತಲೆ ಕೋಣೆ ಹುಡುಕುವವರು ಇವರೇ. ಜನರನ್ನು ಕಂಡರೆ ಇಷ್ಟಪಡುವವರಿಗೆ ತಮ್ಮ ದಣಿವು ಇನ್ನೂ ಒಗಟಾಗಿರುತ್ತದೆ.

ಮೊದಲು ರಕ್ತ ಪರೀಕ್ಷೆ

ಸ್ವಭಾವದ ಮೇಲೆ ಎಲ್ಲವನ್ನೂ ಹೊರಿಸುವ ಮೊದಲು ಮೈಯನ್ನು ನೋಡಿಕೊಳ್ಳಬೇಕು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ತಾನು ಅಂತರ್ಮುಖಿ ಎಂದು ಗೊತ್ತಾದ ಖುಷಿಯಲ್ಲಿ ಹತ್ತು ವರ್ಷ ರಕ್ತಹೀನತೆಯನ್ನು ಸ್ವಭಾವವೆಂದುಕೊಂಡು ಬದುಕುವುದು ತುಂಬ ಸುಲಭ. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ.

ಡಾಕ್ಟರ ಹತ್ತಿರ ಹೋದಾಗ ಸಂಪೂರ್ಣ ರಕ್ತ ಎಣಿಕೆ, ಫೆರಿಟಿನ್, ಬಿ12, ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ ಇವಿಷ್ಟನ್ನು ನೋಡಬೇಕಾ ಎಂದು ಕೇಳಿ. ಹಿಮೋಗ್ಲೋಬಿನ್ ಒಂದು ಡೆಸಿಲೀಟರ್ ರಕ್ತಕ್ಕೆ ಹೆಂಗಸರಲ್ಲಿ 12 ಗ್ರಾಮಿಗಿಂತ, ಗಂಡಸರಲ್ಲಿ 13 ಗ್ರಾಮಿಗಿಂತ ಕೆಳಗಿದ್ದರೆ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ. ಅದು ಸರಿಯಿದ್ದೂ ಕಬ್ಬಿಣದ ದಾಸ್ತಾನಾದ ಫೆರಿಟಿನ್ ಖಾಲಿಯಾಗಿದ್ದರೆ ಸುಸ್ತು ಇರಬಹುದು. ಹಾಲು-ಮಜ್ಜಿಗೆ ಬಿಟ್ಟರೆ ಬೇರೆ ಪ್ರಾಣಿಜನ್ಯ ಆಹಾರವಿಲ್ಲದ ಶಿರಸಿ-ಸಿದ್ದಾಪುರ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆಯನ್ನು ಮರೆಯಲೇಬಾರದು. ತಂಬುಳಿಯ ಸೊಪ್ಪಿನಲ್ಲಿ ಬಿ12 ಇರುವುದಿಲ್ಲ. ಇಲ್ಲಿ ಎರಡು ಎಡವಟ್ಟು ಆಗುತ್ತವೆ. ಪರೀಕ್ಷೆಗೆ ಮೊದಲೇ ಅಂಗಡಿಯಿಂದ ಬಿ12 ಮಾತ್ರೆ ತಂದು ನುಂಗಿದರೆ ವರದಿಯಲ್ಲಿ ಅಂಕಿ ಚೆನ್ನಾಗಿಯೇ ಬರುತ್ತದೆ, ಕೊರತೆ ಎಷ್ಟಿತ್ತೆಂದು ತಿಳಿಯುವುದಿಲ್ಲ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ತೆಗೆದುಕೊಂಡರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನಡುವೆ ಒಂದು ತಾಸಾದರೂ ಬೇಕು.

ಜೋರಾಗಿ ಗೊರಕೆ ಹೊಡೆದು, ಎಂಟು ತಾಸು ಮಲಗಿಯೂ ಬೆಳಿಗ್ಗೆ ಬಾಯಿ ಒಣಗಿ ತಲೆ ಭಾರವಾಗಿ ಏಳುವವರು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ತೋರಿಸಿಕೊಳ್ಳಬೇಕು. ಸ್ವಲ್ಪ ಶ್ರಮವಾದರೂ ಮರುದಿನ, ಅದರ ಮರುದಿನ ಹಾಸಿಗೆ ಬಿಟ್ಟು ಏಳಲಾಗದಷ್ಟು ಕುಸಿಯುವುದು, ಇದು ಆರು ತಿಂಗಳಿಗೂ ಹೆಚ್ಚು ಕಾಲ ನಡೆಯುವುದು ಬೇರೆಯೇ ಕಾಯಿಲೆಯ ಲಕ್ಷಣ. ಅಂಥವರಿಗೆ ‘ಹಟ ಹಿಡಿದು ವಾಕಿಂಗ್ ಮಾಡು’ ಎಂಬ ಸಲಹೆ ಅಪಾಯಕಾರಿ.

ಸ್ವಭಾವದ ದಣಿವಿಗೆ ಒಂದು ಗುರುತಿದೆ. ಅದು ಹೊರೆಯನ್ನು ಹಿಂಬಾಲಿಸುತ್ತದೆ. ಗದ್ದಲದ ವಾರದ ನಂತರ ಏರುತ್ತದೆ, ನಿಶ್ಶಬ್ದದ ನಾಲ್ಕು ದಿನ ಸಿಕ್ಕರೆ ಇಳಿಯುತ್ತದೆ. ಹತ್ತು ದಿನ ಆರಾಮಾಗಿದ್ದರೂ ಇಳಿಯದ, ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಸುಸ್ತು ಸ್ವಭಾವದ್ದಲ್ಲ.

ಒಳಗೆ ನಡೆಯುವುದು

ಅಂತರ್ಮುಖಿಗಳ ಮಿದುಳು ಸಹಜವಾಗಿಯೇ ಹೆಚ್ಚು ಎಚ್ಚರದಲ್ಲಿರುತ್ತದೆ, ಹಾಗಾಗಿ ಹೊರಗಿನ ಉದ್ದೀಪನೆ ಬೇಗ ಅತಿಯಾಗುತ್ತದೆ ಎಂದು ಮನಃಶಾಸ್ತ್ರಜ್ಞ ಹಾನ್ಸ್ ಐಸೆಂಕ್ 1967ರಲ್ಲಿ ವಾದಿಸಿದರು. ನಾಲಿಗೆಯ ಮೇಲೆ ನಿಂಬೆರಸ ಬಿಟ್ಟರೆ ಅಂತರ್ಮುಖಿಗಳಲ್ಲಿ ಜೊಲ್ಲು ಹೆಚ್ಚು ಸುರಿಯುತ್ತದೆ ಎಂಬ ಪ್ರಯೋಗ ಈ ವಾದಕ್ಕೆ ಸೇರಿದ್ದು. ಮುಂದಿನ ಸಂಶೋಧನೆಗಳು ಇದನ್ನು ತಿದ್ದಿವೆ: ಸುಮ್ಮನಿದ್ದಾಗ ಎರಡೂ ಬಗೆಯವರ ನಡುವೆ ಅಂಥ ವ್ಯತ್ಯಾಸ ಕಾಣದು, ಸದ್ದು, ಬೆಳಕು, ಜನ ಎದುರಾದಾಗಿನ ಪ್ರತಿಕ್ರಿಯೆಯಲ್ಲಿ ವ್ಯತ್ಯಾಸ ಹೆಚ್ಚು ಕಾಣುತ್ತದೆ.

ನನಗೆ ಇದಕ್ಕಿಂತ ಉಪಯುಕ್ತವೆನಿಸಿದ್ದು ಫಿನ್ಲೆಂಡಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ. ಹೆಚ್ಚು ಮಾತಾಡುತ್ತ, ಬೆರೆಯುತ್ತ ಇದ್ದ ಹೊತ್ತಿನಲ್ಲಿ ಜನರಿಗೆ ಉತ್ಸಾಹವೇ ಇತ್ತು. ದಣಿವು ಕಂಡದ್ದು ಸುಮಾರು ಮೂರು ತಾಸಿನ ನಂತರ. ಅದೂ ಅಂತರ್ಮುಖಿ, ಬಹಿರ್ಮುಖಿ ಎಂಬ ಭೇದವಿಲ್ಲದೆ. ಅಂದರೆ ಖರ್ಚಾದ ಹೊತ್ತಿಗೆ ಖರ್ಚು ತಿಳಿಯುವುದಿಲ್ಲ. ಹನ್ನೊಂದು ಗಂಟೆಗೆ ಲವಲವಿಕೆಯಿಂದ ಇದ್ದವರು ‘ಸಂಜೆ ಇನ್ನೊಂದು ಮನೆಗೂ ಹೋಗಿ ಬರೋಣ’ ಎಂದು ಒಪ್ಪಿಕೊಳ್ಳುತ್ತಾರೆ, ಎರಡು ಗಂಟೆಗೆ ಕುಸಿಯುತ್ತಾರೆ. ಹಾಗಾಗಿ ಖುಷಿಯಲ್ಲಿದ್ದಾಗ ಮುಂದಿನ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಡಬೇಡಿ. ‘ಸಂಜೆ ಫೋನ್ ಮಾಡಿ ಹೇಳ್ತೆ’ ಅನ್ನಿ. ಇದೊಂದೇ ಅಭ್ಯಾಸದಿಂದ ತಿಂಗಳಿನ ಎಷ್ಟೋ ದಣಿವು ತಪ್ಪುತ್ತದೆ.

ಆಸ್ಟ್ರೇಲಿಯಾದ 2019ರ ಇನ್ನೊಂದು ಅಧ್ಯಯನದಲ್ಲಿ ಒಂದು ವಾರ ಬಹಿರ್ಮುಖಿಗಳ ಹಾಗೆ ನಡೆದುಕೊಳ್ಳಲು ಹೇಳಿದಾಗ, ತೀರಾ ಅಂತರ್ಮುಖಿಗಳಿಗೆ ಸಂತೋಷದ ಲಾಭ ಕಡಿಮೆ ಸಿಕ್ಕಿತು, ದಣಿವು ಹೆಚ್ಚಾಯಿತು, ತಾವು ತಾವಾಗಿಲ್ಲ ಎಂಬ ಭಾವನೆಯೂ ಬಂತು. ಇಲ್ಲದ ಮುಖವನ್ನು ಹೊತ್ತು ತಿರುಗುವುದೂ ದುಡಿಮೆಯೇ. ಸಂಬಳಕ್ಕಾಗಿ ನಗಬೇಕಾದ ಈ ದುಡಿಮೆಗೆ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಭಾವನಾತ್ಮಕ ದುಡಿಮೆ ಎಂದು ಹೆಸರಿಟ್ಟರು. ಕಾರವಾರದ ಕಚೇರಿಯೊಂದರ ಕೌಂಟರಿನಲ್ಲಿ ಕೂತ ಗುಮಾಸ್ತೆ, ಕುಮಟೆಯ ಶಾಲೆಯ ಮಾಸ್ತರು, ಬಟ್ಟೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಡಿಸಿ ತೋರಿಸಿ ನಗುತ್ತಲೇ ಮಡಚುವ ಹುಡುಗಿ, ಇವರೆಲ್ಲ ಮಾಡುವುದು ಅದೇ.

ಬಾಗಿಲು ಹಾಕದ ಮನೆಗಳಲ್ಲಿ

ಅಂತರ್ಮುಖಿಗಳ ಬಗ್ಗೆ ಬರುವ ಸಲಹೆಗಳೆಲ್ಲ ‘ನಿಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ’ ಎನ್ನುತ್ತವೆ. ನಮ್ಮ ಉತ್ತರ ಕನ್ನಡದ ಘಟ್ಟದ ಮೇಲಿನ ಮನೆಗಳಲ್ಲಿ ಹಗಲು ಬಾಗಿಲು ಹಾಕಿದರೆ ‘ಎಂತಾತು, ಹುಷಾರಿಲ್ಯಾ?’ ಎಂದು ಮೂರು ಜನ ಬಂದು ಕೇಳುತ್ತಾರೆ. ಜಗಲಿಗೆ ಯಾರು ಯಾವಾಗ ಬಂದರೂ ಆಸರಿಗೆ (ಕುಡಿಯಲು ಏನಾದರೂ) ಕೊಡಬೇಕು, ಕವಳದ (ಎಲೆ-ಅಡಿಕೆಯ) ತಟ್ಟೆ ಮುಂದಿಡಬೇಕು, ಕೂತು ನಾಲ್ಕು ಮಾತಾಡಬೇಕು. ಈ ಆದರ ನಮ್ಮ ಕಡೆಯ ದೊಡ್ಡ ಗುಣ, ಅದು ಹೋಗಬಾರದು. ಆದರೆ ಯಾವ ಹೊತ್ತಿಗೆ ಯಾರು ಬರುತ್ತಾರೋ ಎಂದು ಕಿವಿ ಅಂಗಳದ ಕಡೆಗೇ ಇದ್ದರೆ ಸೂಕ್ಷ್ಮ ಸ್ವಭಾವದವರಿಗೆ ವಿಶ್ರಾಂತಿ ಎಂಬುದು ಹತ್ತುವುದೇ ಇಲ್ಲ. ಯಾರೂ ಬರದ ದಿನವೂ ಕಾವಲು ನಡೆದೇ ಇರುತ್ತದೆ. ಇದರ ಪೂರ್ತಿ ಭಾರ ಬೀಳುವುದು ಹೊಸದಾಗಿ ಮನೆಗೆ ಬಂದ ಸೊಸೆಯ ಮೇಲೆ. ಅವಳಿಗೆ ತವರಿನಲ್ಲಿದ್ದ ಮೂಲೆಯೂ ಇಲ್ಲ, ಇಲ್ಲಿ ‘ನನಗೆ ಸ್ವಲ್ಪ ಹೊತ್ತು ಬಿಡಿ’ ಎನ್ನುವ ಸಲುಗೆಯೂ ಇಲ್ಲ. ಅಂಥ ಮನೆಯ ಅತ್ತೆ ಅಥವಾ ಗಂಡ ಇದನ್ನು ಓದುತ್ತಿದ್ದರೆ, ದಿನಕ್ಕೆ ಅರ್ಧ ತಾಸು ಅವಳದೇ ಎಂದು ನೀವಾಗಿ ಹೇಳಿ. ಅವಳು ಕೇಳುವವರೆಗೆ ಕಾಯಬೇಡಿ.

ನಮ್ಮ ಮನೆಗಳಲ್ಲಿ ಒಂಟಿತನ ಸಿಗುವುದು ಕೆಲಸದ ನೆಪದಲ್ಲಿ. ಕೋಣೆಯಲ್ಲಿ ಸುಮ್ಮನೆ ಕೂತರೆ ತಪ್ಪಾಗಿ ಕಾಣುತ್ತದೆ. ಬುಟ್ಟಿ ಹಿಡಿದು ಹೂ ಕೊಯ್ಯಲು, ತೋಟಕ್ಕೆ ನೀರು ನೋಡಲು, ದರಕು (ಒಣ ಎಲೆ) ಗುಡಿಸಲು ಹೋದರೆ ಯಾರೂ ಕರೆಯುವುದಿಲ್ಲ. ಇಂಥ ಒಂದು ಕೆಲಸವನ್ನು ನಿಮ್ಮದೇ ಮಾಡಿಕೊಳ್ಳಿ, ದಿನಾ ಅದೇ ಹೊತ್ತಿಗೆ, ಇಪ್ಪತ್ತರಿಂದ ಮೂವತ್ತು ನಿಮಿಷ. ಹೊತ್ತು ಬದಲಾಗುತ್ತಿದ್ದರೆ ಮನೆಯವರಿಗೆ ಅಭ್ಯಾಸವಾಗುವುದಿಲ್ಲ, ಕರೆಯುತ್ತಲೇ ಇರುತ್ತಾರೆ. ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿ. ಜೇಬಿನಲ್ಲಿದ್ದರೆ ತೋಟದಲ್ಲೂ ವಾಟ್ಸಾಪಿನ ಐವತ್ತು ಜನ ನಿಮ್ಮ ಜೊತೆಗೇ ಬಂದಿರುತ್ತಾರೆ.

ಸದ್ದಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹೆಂಚಿನ ಮೇಲೆ ಆಷಾಢದ ಮಳೆ ಎಷ್ಟೇ ಜೋರಾಗಿ ಬಿದ್ದರೂ ಅದು ಯಾರನ್ನೂ ಅಷ್ಟು ದಣಿಸುವುದಿಲ್ಲ, ಯಾಕೆಂದರೆ ಅದು ಒಂದೇ ಸಮ. ಪಕ್ಕದ ಕೋಣೆಯ ಧಾರಾವಾಹಿ ಮೆಲ್ಲಗಿದ್ದರೂ ಸಾಕು, ಮನಸ್ಸು ಅತ್ತ ಎಳೆಯುತ್ತದೆ. ಮನುಷ್ಯರ ಮಾತಿಗೆ ಅರ್ಥವಿದೆ, ಏರಿಳಿತವಿದೆ, ಮಿದುಳು ಅದನ್ನು ಬಿಟ್ಟುಬಿಡಲಾರದು. ಹಾಗಾಗಿ ಮನೆಯ ಸದ್ದುಗಳಲ್ಲಿ ಮೊದಲು ಕಡಿಮೆ ಮಾಡಬೇಕಾದದ್ದು ಮಿಕ್ಸರಿನದಲ್ಲ. ಅದು ಎರಡು ನಿಮಿಷದ್ದು. ಕಡಿಮೆಯಾಗಬೇಕಾದದ್ದು ಯಾರೂ ನೋಡದಿದ್ದರೂ ಹಚ್ಚಿಟ್ಟ ಟೀವಿ ಮತ್ತು ಸ್ಪೀಕರಿನಲ್ಲಿ ಓಡುವ ರೀಲ್ಸ್ ಸದ್ದು. ಊಟದ ಹೊತ್ತಿಗೆ ಇವೆರಡನ್ನು ಬಂದ್ ಮಾಡುವ ಒಂದು ಒಪ್ಪಂದವಾದರೂ ಮನೆಯಲ್ಲಿ ಆಗಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚಬಾರದು, ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್ ಎಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ದೂರು ಕೊಡುವ ಹಕ್ಕು ಎಲ್ಲರಿಗೂ ಇದೆ.

ಹಾಗಂತ ದಿನವಿಡೀ ಕಿವಿಗೆ ಹತ್ತಿ ತುರುಕಿಕೊಂಡಿರಬೇಡಿ. ಕಿವಿಗೆ ಬರುವ ಸದ್ದು ಬಹಳ ದಿನ ಕಡಿಮೆಯಾದರೆ ಮಿದುಳು ತಾನೇ ಒಳಗಿನ ದನಿ ಏರಿಸಿಕೊಳ್ಳುತ್ತದೆ, ತೆಗೆದಾಗ ಮೊದಲಿಗಿಂತ ಹೆಚ್ಚು ಕರ್ಕಶವಾಗಿ ಕೇಳುತ್ತದೆ. ಮೈಕಿನ ಎದುರು ಕೂರಬೇಕಾದಾಗ, ಯಕ್ಷಗಾನದ ಚಂಡೆಯ ಹತ್ತಿರ ಜಾಗ ಸಿಕ್ಕಾಗ ಹಾಕಿಕೊಳ್ಳಿ. ಮನೆಯಲ್ಲಿ ಬೇಡ.

ಮದುವೆ ಮನೆಯಲ್ಲಿ ಬಡಿಸುವ ಕೆಲಸ ಹಿಡಿಯಿರಿ

ಏಪ್ರಿಲ್-ಮೇ ನಮ್ಮ ಕಡೆ ಮದುವೆ, ಉಪನಯನಗಳ ತಿಂಗಳು. ಕರಾವಳಿಯಲ್ಲಿ ಅದೇ ಹೊತ್ತಿಗೆ ಸೆಕೆ; ಗಾಳಿಯಲ್ಲಿ ತೇವ ತುಂಬಿ ಬೆವರು ಆರುವುದಿಲ್ಲ, ಮೈ ತಣಿಯದೆ ನಿದ್ದೆ ಹರಿದು ಹರಿದು ಬರುತ್ತದೆ. ನಿದ್ದೆಗೆಟ್ಟ ಮೈಗೆ ಸದ್ದು ಇನ್ನೂ ಜೋರು. ವರ್ಷದ ಅತಿ ಹೆಚ್ಚು ಜನಸಂಪರ್ಕವೂ ಅತಿ ಕೆಟ್ಟ ನಿದ್ದೆಯೂ ಒಂದೇ ತಿಂಗಳಲ್ಲಿ ಕೂಡುತ್ತವೆ. ಜೂನಿನ ಮೊದಲ ಮಳೆಗೆ ಎಷ್ಟೋ ಜನ ನೆಗಡಿ, ಮೈಕೈನೋವೆಂದು ಮಲಗಿಬಿಡುವುದರಲ್ಲಿ ಇದರದ್ದೂ ಪಾಲಿದೆ ಎಂದು ನನಗನಿಸುತ್ತದೆ.

ಮದುವೆ ಮನೆಯಲ್ಲಿ ಅಂತರ್ಮುಖಿಯನ್ನು ಅತಿ ಹೆಚ್ಚು ದಣಿಸುವುದು ಚಪ್ಪರದ ಕುರ್ಚಿ. ಅಲ್ಲಿ ಕೂತವರಿಗೆ ಬೇರೆ ಕೆಲಸವಿಲ್ಲ, ಯಾರು ಬಂದು ಎದುರು ಕೂತರೂ ಮಾತು ಹುಡುಕಬೇಕು, ಮಾತು ಎಲ್ಲಿ ಮುಗಿಯುತ್ತದೆಂದು ಗೊತ್ತಿಲ್ಲ. ಬಡಿಸುವವರಿಗೆ ಈ ಮೂರೂ ಕಷ್ಟವಿಲ್ಲ. ಕೈಯಲ್ಲಿ ಪಾತ್ರೆ ಇದೆ, ಮಾತು ಎರಡು ಶಬ್ದದ್ದು, ಮುಂದಿನ ಎಲೆಗೆ ಹೋಗಲೇಬೇಕು. ನೂರು ಜನರನ್ನು ಕಂಡಂತೆಯೂ ಆಯಿತು, ‘ಬಂದಿದ್ದ, ಓಡಾಡಿದ’ ಎಂಬ ಹೆಸರೂ ಬಂತು. ಆದರೆ ಯಾವ ಪದಾರ್ಥ ಹಿಡಿಯುತ್ತೀರಿ ಎಂಬುದು ಮುಖ್ಯ. ಉಪ್ಪು, ಉಪ್ಪಿನಕಾಯಿ ಒಂದೇ ಸುತ್ತು. ಬೇಗ ಮುಗಿದು ಮತ್ತೆ ಕುರ್ಚಿಗೇ ಬರುತ್ತೀರಿ. ಹೋಳಿಗೆ, ಜಿಲೇಬಿ ಹಿಡಿದರೆ ಒತ್ತಾಯ ಮಾಡಬೇಕು. ‘ಇನ್ನೊಂದು, ಒಂದೇ ಒಂದು’ ಎಂದು ಪ್ರತಿ ಎಲೆಯ ಮುಂದೆಯೂ ನಿಂತು ತಮಾಷೆಯಾಡಬೇಕು, ಅದು ಮಾತುಗಾರರ ಕೆಲಸ. ಅನ್ನ, ಸಾರು, ಮಜ್ಜಿಗೆ, ನೀರು ಇವು ಸರಿಯಾದವು: ಮತ್ತೆ ಮತ್ತೆ ಬರಬೇಕು, ಒತ್ತಾಯ ಬೇಡ. ಹಿಂದಿನ ರಾತ್ರಿ ತರಕಾರಿ ಹೆಚ್ಚುವುದಕ್ಕೆ ಕೂತರೂ ಹೀಗೆಯೇ. ಕಣ್ಣು ಈಳಿಗೆಮಣೆಯ ಮೇಲಿದ್ದರೆ ಸುಮ್ಮನಿದ್ದರೂ ಯಾರಿಗೂ ಬೇಸರವಿಲ್ಲ, ಮಾತು ಬಂದರೆ ಬಂತು. ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯುವ ಗುಂಪಿನಲ್ಲಿ ಮಿತಭಾಷಿಗಳೂ ಆರಾಮಾಗಿ ಇರುವುದು ಇದೇ ಕಾರಣಕ್ಕೆ. ಮುಖಾಮುಖಿ ಕೂತು ಆಡುವ ಮಾತಿಗಿಂತ ಪಕ್ಕಪಕ್ಕ ಕೂತು ಕೆಲಸ ಮಾಡುತ್ತ ಆಡುವ ಮಾತು ಕಡಿಮೆ ದಣಿಸುತ್ತದೆ.

ಮದುವೆಗೆ ಹೋಗುವಾಗ ವಾಪಸು ಬರುವ ದಾರಿ ನಿಮ್ಮ ಕೈಯಲ್ಲಿರಲಿ. ಬೇರೆಯವರ ಕಾರಿನಲ್ಲಿ ಹೋದರೆ ಅವರು ಹೊರಟಾಗ ಹೊರಡಬೇಕು, ‘ಈಗ ಹೊರಡೋಣ’ ಎಂದಮೇಲೂ ಮುಕ್ಕಾಲು ತಾಸು ಅಂಗಳದಲ್ಲಿ ಮಾತು ನಡೆಯುತ್ತದೆ. ಮುಗಿಯುವ ಹೊತ್ತು ಗೊತ್ತಿಲ್ಲದಿರುವುದೇ ದಣಿವನ್ನು ಹೆಚ್ಚಿಸುತ್ತದೆ. ಸ್ವಂತ ಗಾಡಿ ಇಲ್ಲದಿದ್ದರೆ ಬಸ್ಸಿನ ಹೊತ್ತು ನೋಡಿಕೊಂಡು, ಬಂದ ತಕ್ಷಣವೇ ಮನೆಯ ಹಿರಿಯರಿಗೆ ‘ಮೂರೂವರೆ ಬಸ್ಸಿಗೆ ಹೋಗ್ತೆ’ ಎಂದು ಹೇಳಿಡಿ. ಹೊರಡುವಾಗ ಹೇಳಿದರೆ ಬಿಡುವುದಿಲ್ಲ. ಒಂದೂವರೆ ತಾಸಿಗೊಮ್ಮೆ ಹತ್ತು ನಿಮಿಷ ಹಿತ್ತಿಲಿನ ಕಡೆ ಹೋಗಿ ಬನ್ನಿ. ತಲೆ ಸಿಡಿಯುವವರೆಗೆ ಕಾದು ಹೋದರೆ ಹತ್ತು ನಿಮಿಷ ಸಾಲುವುದಿಲ್ಲ, ಮೊದಲೇ ಹೋಗಬೇಕು.

ಕೇಳುವ ಪ್ರಶ್ನೆಗಳು ಎಲ್ಲ ಮನೆಯಲ್ಲೂ ಅವೇ: ಈಗ ಎಲ್ಲಿದ್ದೆ, ಸಂಬಳ ಎಷ್ಟು, ಮದುವೆ ಯಾವಾಗ. ಮೂರಕ್ಕೂ ಒಂದೊಂದು ವಾಕ್ಯದ ಉತ್ತರ ಮಾಡಿಟ್ಟುಕೊಂಡು, ಹಿಂದೆಯೇ ನೀವೊಂದು ಪ್ರಶ್ನೆ ಕೇಳಿ. ‘ಮಾವ, ಈ ಸಲ ನಿಮ್ಮಲ್ಲಿ ಕೊಳೆ ಹೆಂಗೆ?’ ಎಂದು ಅಡಿಕೆಯ ಕೊಳೆರೋಗದ ಬಗ್ಗೆ ಕೇಳಿದರೆ ತೋಟದವರು ಅರ್ಧ ತಾಸು ಸಂತೋಷದಿಂದ ಮಾತಾಡುತ್ತಾರೆ, ಅದಕ್ಕೆ ಬೋರ್ಡೋ ದ್ರಾವಣ ಹೊಡೆದ ಲೆಕ್ಕ ಕೇಳಿ ನಿಮಗೂ ಏನೋ ತಿಳಿಯುತ್ತದೆ. ಅಂತರ್ಮುಖಿಗಳಿಗೆ ಕೇಳುವುದು ಬರುತ್ತದೆ, ಅದನ್ನೇ ಬಳಸಿಕೊಳ್ಳಬೇಕು.

ಮರುದಿನ ಬೆಳಗ್ಗೆ ಏನನ್ನೂ ಇಟ್ಟುಕೊಳ್ಳಬೇಡಿ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ವಾರವಿಡೀ ಮನೆ ತುಂಬ ನೆಂಟರು. ಆಗ ಪೂರ್ತಿ ಖಾಲಿ ದಿನ ಸಿಗದು. ಜಾತ್ರೆ ನಡೆಯುವ ಬಿಡಕಿಬಯಲಿಗೆ ದಿನಾ ಎಲ್ಲರ ಜೊತೆ ಹೋಗದೆ, ಬೆಳಿಗ್ಗೆ ಬೇಗ ಜನ ಕಡಿಮೆ ಇರುವಾಗ ಒಮ್ಮೆ ದರ್ಶನ ಮಾಡಿ ಬನ್ನಿ. ಸಂಜೆ ಎಲ್ಲರೂ ಪೇಟೆಗೆ ಹೋದಾಗ ‘ಮನೆ ನೋಡಿಕೊಳ್ತೆ’ ಎಂದು ಉಳಿಯಿರಿ.

ವಿಶ್ರಾಂತಿ ಎಂದುಕೊಂಡದ್ದು

ಕಾರವಾರಕ್ಕೆ ಅಂಕೋಲಾದಿಂದ ದಿನಾ ಬಸ್ಸಿನಲ್ಲಿ ಓಡಾಡುವವರು ಸಂಜೆ ಮನೆ ಮುಟ್ಟಿದ ಕೂಡಲೇ ಮಾಡುವ ಮೊದಲ ಕೆಲಸ ಹಾಸಿಗೆಯಲ್ಲಿ ಉರುಳಿ ಫೋನ್ ನೋಡುವುದು. ಮೈ ಮಲಗಿರುತ್ತದೆ, ಮಿದುಳಿಗೆ ಅರ್ಧ ನಿಮಿಷಕ್ಕೊಂದು ಹೊಸ ಮುಖ, ಹೊಸ ದನಿ, ಹೊಸ ಜಗಳ ಬರುತ್ತಲೇ ಇರುತ್ತದೆ. ಒಂದು ತಾಸಿನ ನಂತರ ಎದ್ದರೆ ಇನ್ನಷ್ಟು ಭಾರ. ‘ಎಷ್ಟು ರೆಸ್ಟ್ ಮಾಡಿದ್ರೂ ಸುಸ್ತು ಹೋಗ್ತಿಲ್ಲ’ ಎಂಬ ಮಾತಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಮನೆಗೆ ಬಂದ ಮೊದಲ ಇಪ್ಪತ್ತು ನಿಮಿಷ ಫೋನ್ ಬೇಡ. ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಒಂದು ಲೋಟ ಮಜ್ಜಿಗೆಯೋ ಮುರುಗಲು ಪಾನಕವೋ ಕುಡಿದು ಅಂಗಳದಲ್ಲಿ ಕೂತರೆ ಸಾಕು.

ಬಚ್ಚಲ ಹಂಡೆಯ ಬಿಸಿನೀರಿನ ಸ್ನಾನ ರಾತ್ರಿಗೂ ಒಳ್ಳೆಯದು. ಮಲಗುವ ಒಂದೆರಡು ತಾಸು ಮೊದಲು 40ರಿಂದ 42 ಡಿಗ್ರಿ ಬಿಸಿಯ ನೀರಿನಲ್ಲಿ ಹತ್ತು ನಿಮಿಷ ಮಿಂದರೆ ನಿದ್ದೆ ಬೇಗ ಹತ್ತುತ್ತದೆ ಎಂದು 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ಬಿಸಿನೀರಿಗೆ ಕೈಕಾಲಿನ ರಕ್ತನಾಳಗಳು ಅಗಲವಾಗಿ, ಆಮೇಲೆ ಒಳಮೈಯ ಶಾಖ ಹೊರಗೆ ಹೋಗುತ್ತದೆ. ಮೈ ತಣಿದಾಗ ನಿದ್ದೆ. ಮಿಂದ ಕೂಡಲೇ ಮಲಗಿದರೆ ಇದಾಗುವುದಿಲ್ಲ, ಮೈ ಇನ್ನೂ ಬಿಸಿಯಾಗಿರುತ್ತದೆ. ಕಾಫಿ-ಚಹಾದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು. ಸಂಜೆ ಐದಕ್ಕೆ ನೆಂಟರ ಜೊತೆ ಕುಡಿದದ್ದು ರಾತ್ರಿ ಹತ್ತಕ್ಕೆ ಅರ್ಧ ಉಳಿದಿರುತ್ತದೆ. ಮಧ್ಯಾಹ್ನ ಎರಡು ಗಂಟೆಯ ನಂತರ ಹೋದ ಮನೆಯಲ್ಲಿ ಕಷಾಯ ಕೇಳಿ. ನಮ್ಮ ಕಡೆ ಅದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ.

ರಾತ್ರಿಯ ವಿಚಾರಣೆಗೆ ಕಾಗದ ಒಳ್ಳೆಯ ಮದ್ದು. ಮಲಗುವ ಮೊದಲೇ, ಹಾಸಿಗೆಗೆ ಹೋಗದೆ, ಹತ್ತು ನಿಮಿಷ ಕೂತು ಮೂರು ಸಾಲು ಬರೆಯಿರಿ: ಏನಾಯಿತು, ನಾನು ಏನೆಂದು ಊಹಿಸಿದೆ, ಆ ಊಹೆಗೆ ಆಧಾರ ಏನು. ‘ಅತ್ತಿಗೆ ಸಿಟ್ಟಾದರು’ ಎಂಬುದು ಊಹೆ. ‘ಅತ್ತಿಗೆ ನನ್ನ ಮಾತಿಗೆ ಉತ್ತರ ಕೊಡದೆ ಒಳಗೆ ಹೋದರು’ ಎಂಬುದು ಆದದ್ದು. ಒಳಗೆ ಕುಕ್ಕರ್ ಕೂಗಿರಬಹುದು. ಸೂಕ್ಷ್ಮ ಸ್ವಭಾವದವರು ಬೇರೆಯವರ ಮುಖದ ಸಣ್ಣ ಬದಲಾವಣೆಯನ್ನೂ ಕಾಣುತ್ತಾರೆ, ಕಾಣುವುದು ನಿಜವೇ. ಅದರ ಕಾರಣ ತಾವೇ ಎಂದುಕೊಳ್ಳುವಲ್ಲಿ ತಪ್ಪುತ್ತಾರೆ.

ಕೆಲಸದ ಜಾಗದಲ್ಲಿ ಫೋನ್ ಕರೆಗಳನ್ನು ದಿನಕ್ಕೆ ಎರಡು ಹೊತ್ತಿಗೆ ಒಟ್ಟು ಮಾಡಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಭಾಗ ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ಅರ್ಧಕ್ಕೆ ಬಿಡಲೇಬೇಕಾದರೆ ‘ಇಲ್ಲಿವರೆಗೆ ಆಗಿದೆ, ಮುಂದೆ ಇದು’ ಎಂದು ಒಂದು ಸಾಲು ಗೀಚಿಟ್ಟು ಏಳಿ.

ಪೂರ್ತಿ ಹಿಂದೆ ಸರಿಯುವುದನ್ನು ಮಾತ್ರ ಮಾಡಬೇಡಿ. ಒಂದು ಮದುವೆ ತಪ್ಪಿಸಿಕೊಂಡಾಗ ಸಿಗುವ ಹಾಯೆನಿಸುವ ಭಾವನೆಯೇ ಮುಂದಿನದನ್ನೂ ತಪ್ಪಿಸಲು ಕಲಿಸುತ್ತದೆ, ಆರು ತಿಂಗಳಲ್ಲಿ ಕಿರಾಣಿ ಅಂಗಡಿಗೆ ಹೋಗುವುದೂ ಕಷ್ಟವಾಗಬಹುದು. ಹೋಗಬೇಕೆನಿಸುತ್ತದೆ, ಹೋದಾಗ ಖುಷಿ, ಆಮೇಲೆ ದಣಿವು ಎಂದಾದರೆ ಅದು ಸ್ವಭಾವ. ಹೋಗಬೇಕೆಂದರೆ ಎದೆ ಬಡಿದುಕೊಳ್ಳುವುದು, ಎಲ್ಲರೂ ನನ್ನನ್ನೇ ನೋಡುತ್ತಾರೆಂಬ ಭಯ ಇವು ಆತಂಕದ ತೊಂದರೆ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಮೊದಲು ಪ್ರೀತಿಯಿದ್ದ ಒಂಟಿ ಕೆಲಸಗಳೂ, ಓದು, ತೋಟ, ಹಾಡು ಎಲ್ಲವೂ ಎರಡು ವಾರಕ್ಕಿಂತ ಹೆಚ್ಚು ಕಾಲ ಸಪ್ಪೆಯಾಗಿದ್ದರೆ ಖಿನ್ನತೆಯನ್ನು ಶಂಕಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು-ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಕ್ಕಳ ವಿಷಯ ಒಂದಿಷ್ಟು. ಅಮೆರಿಕದ ಮನಃಶಾಸ್ತ್ರಜ್ಞ ಜೆರೋಮ್ ಕೇಗನ್ ನಾಲ್ಕು ತಿಂಗಳ ಶಿಶುಗಳಿಗೆ ಹೊಸ ಸದ್ದು, ಹೊಸ ವಾಸನೆ, ಹೊಸ ಆಟಿಕೆ ತೋರಿಸಿ ನೋಡಿದಾಗ ಐದರಲ್ಲಿ ಒಂದು ಮಗು ಕೈಕಾಲು ಬಡಿದು ಅಳುತ್ತಿತ್ತು. ಅವರಲ್ಲಿ ಹಲವರು ಮುಂದೆ ನಾಚಿಕೆಯ, ಎಚ್ಚರಿಕೆಯ ಮಕ್ಕಳಾದರು. ಹುಟ್ಟಿನಿಂದಲೇ ಬಂದದ್ದನ್ನು ಬೈದು ತೆಗೆಯಲಾಗುವುದಿಲ್ಲ. ನೆಂಟರು ಬಂದಾಗ ‘ತಮಾ, ಬಾ, ಒಂದು ಪದ್ಯ ಹೇಳು’ ಎಂದು ಜಗಲಿಗೆ ಎಳೆದು ನಿಲ್ಲಿಸಬೇಡಿ. ಅದರ ಬದಲು ಆಸರಿಗೆಯ ತಟ್ಟೆ ಹಿಡಿದು ಬರಲು ಹೇಳಿ. ಮಗು ಬಂದವರ ಮುಖ ನೋಡುತ್ತದೆ, ಲೋಟ ಕೊಡುತ್ತದೆ, ಒಳಗೆ ಹೋಗುತ್ತದೆ. ಮೂರನೇ ಸಲ ಬಂದಾಗ ತಾನಾಗಿಯೇ ಕಂಬದ ಹತ್ತಿರ ನಿಲ್ಲಬಹುದು. ಜಾತ್ರೆಗೆ ಕರೆದೊಯ್ಯುವುದಾದರೆ ಊಟ, ನಿದ್ದೆ ಆದಮೇಲೆ ಹೊರಡಿ, ಒಂದು ತಾಸು ಮಾತ್ರ ಎಂದು ಮೊದಲೇ ಮಗುವಿಗೆ ಹೇಳಿ, ಹೇಳಿದ ಹೊತ್ತಿಗೆ ಹೊರಟುಬಿಡಿ. ತಿರುಗುವ ತೊಟ್ಟಿಲ ಹತ್ತಿರ ಹೋದಮೇಲೆ ಮಗು ಹತ್ತುವುದಿಲ್ಲವೆಂದರೆ ನೋಡಿಕೊಂಡು ಬನ್ನಿ, ಟಿಕೆಟ್ ದುಡ್ಡು ಹೋದರೆ ಹೋಗಲಿ.